ಬಾಗಿಲಿಗೆ ಹಾಳೆ ಅಂಟಿಸುವ ಮುಂಚೆ

ಅಪ್ಪಾ,

ರುಪುನುನಿ ಬಯಲಿನ ಈ ಹಳ್ಳಿಶಾಲೆಯಲ್ಲಿ ನಿನ್ನೆ ಸಂಸತ್ತಿನ ಮತ ಎಣಿಸಿ ಮುಗಿಸಿದೆವು. ಮತಗಟ್ಟೆಯ ಅಧಿಕಾರಿಯಾಗಿ ಫಲಿತಾಂಶದ ಹಾಳೆಯನ್ನು ಬಾಗಿಲಿಗೆ ಅಂಟಿಸಲು ಹೊರಟ ನನ್ನನ್ನು ಊರ ಮುಖ್ಯಸ್ಥೆ ಅನ್ಸೆಲ್ಮಾ ತಡೆದಳು.

"ತಡಿಯವ್ವ, ಮೊದ್ಲು ಊಟ. ಅದನ್ನ ಓದಿದ್ಮೇಲೆ ಇವ್ರು ಒಟ್ಟಿಗೆ ಕೂತು ಉಣ್ತಾರಾ?"

ಹೊರಗೆ ಕಾದಿದ್ದ ಎರಡೂ ಪಕ್ಷದವರು ಒಂದೇ ಮಡಕೆಯ ಸುತ್ತ ಕೂತು, ಮೀನಿನ ಖಾರದ ಸಾರಿಗೆ ಮರಗೆಣಸಿನ ರೊಟ್ಟಿ ಅದ್ದಿಕೊಂಡು ತಿಂದರು. "ಸೋತ್ರೆ ಕಣ್ಣೀರಿಗೆ ಈ ಖಾರದ್ದೇ ನೆವ ಹೇಳ್ಬಹುದು ಬಿಡಪ್ಪ" ಎಂದು ಒಬ್ಬ ಇನ್ನೊಬ್ಬನನ್ನು ಕಿಚಾಯಿಸಿದ. ಆಮೇಲೆಯೇ ಹಾಳೆ ಅಂಟಿಸಿದೆ. ಇಲ್ಲಿ ನಿನ್ನ ಪಕ್ಷ ಸೋತಿದೆ. ಗೆದ್ದವರು ಎದ್ದು ಹೋಗಿ ಮಡಕೆ ತೊಳೆದರು. ಗೆದ್ದವರೇ ತೊಳೆಯುವುದು ಈ ಊರಿನ ರೂಢಿಯಂತೆ.

ಇರುವೆ ಕಚ್ಚಿ ಊದಿದ್ದ ಕಾಲು ಈಗ ವಾಸಿ. ನೀನು ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡ.

ಕಾಲುವೆಯಾಚೆಯ ಕ್ಲಾರೆನ್ಸ್ ಮಾಮನ ಜೊತೆ ಹೋದ ಚುನಾವಣೆಯಿಂದ ಮಾತು ಬಿಟ್ಟಿದ್ದೀಯಲ್ಲ, ಶನಿವಾರ ಅವರನ್ನು ಊಟಕ್ಕೆ ಕರೆ. ಅಷ್ಟರಲ್ಲಿ ಬಂದಿರುತ್ತೇನೆ, ಸಾರು ನಾನೇ ಮಾಡುತ್ತೇನೆ. ದೇಶದಲ್ಲಿ ಯಾರು ಗೆದ್ದರೋ ಇಲ್ಲಿಗಿನ್ನೂ ಸುದ್ದಿಯಿಲ್ಲ. ನಿನ್ನ ಪಕ್ಷವೇ ಆದರೆ, ಮಡಕೆ ನೀನು ತೊಳೆಯಬೇಕು.

ಅಂಚೆಚೀಲ ಹೊರಟಿತು.

ದ್ರುಪತಿ