ತೊಡೆಗೂ ನಿದ್ದೆ ಬೇಕು

ಹಾನಗಲ್ಲ,
ಭಾನುವಾರ

ಹಿರೇಬೆಂಡಿಗೇರಿಯ ಅಪ್ಪನಿಗೆ ಮಲ್ಲಿಕಾಳ ನಮಸ್ಕಾರಗಳು.

ಹೋದ ತಿಂಗಳು ಅಣ್ಣನ ಕೈಯಲ್ಲಿ ನೀವು ಕಳಿಸಿದ ಶೇಂಗಾ ಹೋಳಿಗೆ, ಮೈಗೆ ಬಲ ಬರಲೆಂದು ಕೊಟ್ಟ ಸೂಜಿಮದ್ದು ಎರಡೂ ತಲುಪಿದವು. ಹೋಳಿಗೆಯನ್ನು ಗೆಳತಿಯರೆಲ್ಲ ಹಂಚಿಕೊಂಡು ತಿಂದೆವು. ಮದ್ದನ್ನು ನಾನು ಚುಚ್ಚಿಸಿಕೊಳ್ಳಲಿಲ್ಲ. ಫೋನಿನಲ್ಲಿ ಹೇಳಿದರೆ ನೀವು ಪೂರ್ತಿ ಕೇಳುವುದಿಲ್ಲವೆಂದು ಬರೆಯುತ್ತಿದ್ದೇನೆ.

ಜಿಲ್ಲಾ ತಂಡದ ಆಯ್ಕೆಯ ಕುಸ್ತಿಗೆ ಕೆಲವು ವಾರ ಮೊದಲು ನನ್ನ ತೊಡೆಗಳು ಕಲ್ಲಿನಂತೆ ಬಿಗಿದಿದ್ದವು. ಆದರೂ ಬೈಠಕ್ ಹೊಡೆಯುತ್ತಿದ್ದಾಗ ಕೋಚ್ ತಸ್ಲೀಮಾ ಮೇಡಂ ತಡೆದರು. ನೀವು ಕಳಿಸಿದ ಮದ್ದಿನ ವಿಷಯ ಅವರಿಗೆ ಹೇಳಿದೆ. "ನಿನ್ನ ತೊಡಿ ಇನ್ನೂ ನಿನ್ನಿ ಕುಸ್ತೀನ ಆಡಾಕತ್ತೈತಿ. ಅದಕ್ಕ ಸೂಜಿ ಬ್ಯಾಡ, ನಿದ್ದಿ ಬೇಕವ್ವಾ" ಎಂದರು. ಅಂದಿನಿಂದ ಮಧ್ಯಾಹ್ನ ಮಲಗುತ್ತೇನೆ. ಅಭ್ಯಾಸ ಮುಗಿದ ಮೇಲೆ ಮೈ ಸಡಿಲಿಸಿಕೊಂಡು, ಮೊಟ್ಟೆ, ಮೊಳಕೆ ಹೆಸರು ತಿನ್ನುತ್ತೇನೆ. ವಾರಕ್ಕೊಂದು ದಿನ ಅಖಾಡಕ್ಕೇ ಇಳಿಯುವುದಿಲ್ಲ. ಮೊದಮೊದಲು ಸೋಮಾರಿಯಾದೆನೆಂದು ಅಳು ಬರುತ್ತಿತ್ತು.

ನಿನ್ನೆ ಆಯ್ಕೆಯ ಕುಸ್ತಿಯ ಕೊನೆಯ ಸುತ್ತಿನಲ್ಲಿ ಎದುರಾಳಿ ಏದುಸಿರು ಬಿಡುವಾಗಲೂ ನನ್ನ ಕಾಲಲ್ಲಿ ಬಲವಿತ್ತು. ಎತ್ತಿ ಕೆಡವಿದೆ. ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದೇನೆ.

ಇನ್ನೊಂದು ಮಾತು. ನಿಮ್ಮ ಕಿಡ್ನಿ ಹೇಗೆ ಕೆಟ್ಟಿತೆಂದು ಹುಬ್ಬಳ್ಳಿಯ ಡಾಕ್ಟರು ಕೇಳಿದಾಗ "ಗೊತ್ತಿಲ್ರಿ" ಅಂದಿರೆಂದು ಅವ್ವ ಹೇಳಿದಳು. ಕುಸ್ತಿ ಹಿಡಿಯುವ ಕಾಲಕ್ಕೆ ನೀವು ಏನೇನು ಚುಚ್ಚಿಸಿಕೊಂಡಿದ್ದಿರಿ ಎಂಬುದನ್ನು ಅವರಿಗೆ ಹೇಳಿಬಿಡಿ. ಅದು ಗೊತ್ತಾದರೆ ಚಿಕಿತ್ಸೆಗೆ ಅನುಕೂಲವಂತೆ. ನಾಚಿಕೆಯಾದರೆ ಮುಂದಿನ ಸಲ ನಾನೂ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಮೇಡಂ ಹತ್ತಿರ ಆಗಲೇ ರಜೆ ಕೇಳಿದ್ದೇನೆ.

ನಿಮ್ಮ ಮಗಳು,
ಮಲ್ಲಿಕಾ