ಬಾಗಿಲ ಬಳಿಯ ಸ್ಟೂಲು

ಸೋಮವಾರ, ಸಂಜೆ

ನ್ಯಾಯಾಧೀಶರಾಗಿ ದೊಡ್ಡವರಾದ ನನ್ನ ತಮ್ಮನವರಿಗೆ,

ನಿಮಗೆ ಕ್ಷೇಮ ಕೇಳುವುದಿಲ್ಲ. ಕ್ಷೇಮವಾಗಿರುವುದನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ಇನ್ನು ‘ನೀವು’ ಸಾಕು, ಕೈ ನೋಯುತ್ತದೆ.

ದೇವರ ಮುಂದೆ ಕೂತು ಬರೆಯುತ್ತಿದ್ದೇನೆ, ಅದಕ್ಕೇ ಒಂದಕ್ಷರವೂ ಹೆಚ್ಚಿಲ್ಲ. ನಮ್ಮೂರ ಕೋರ್ಟಿಗೇ ವರ್ಗವಾಗಿ ಬಂದೆಯಲ್ಲ, ವಕೀಲರು ನಿನಗೆ ಸ್ವಾಗತ ಸಭೆ ಮಾಡಿದರಲ್ಲ, ಕರೆಯದಿದ್ದರೂ ನಾನು ಬಂದು ಕೊನೆಯ ಸಾಲಿನಲ್ಲಿ ಕೂತಿದ್ದೆ. ನಿನ್ನ ಪರಿಚಯ ಓದಿದರು. ಯಾವ ಕಾಲೇಜು, ಎಷ್ಟನೇ ರ‍್ಯಾಂಕು, ಯಾವ್ಯಾವ ಊರಿನಲ್ಲಿ ಕೆಲಸ, ಎಲ್ಲ ಬಂತು. ಆಮೇಲೆ ‘ತಂದೆಯವರೂ ನ್ಯಾಯಾಂಗ ಸೇವೆಯಲ್ಲಿದ್ದವರು’ ಎಂದರು. ನೀನು ತಲೆಯಾಡಿಸಿದೆ. ಪಕ್ಕದಲ್ಲಿದ್ದ ವಕೀಲರ ಹೆಂಡತಿಗೆ ನಾನು ನಿನ್ನ ಅಕ್ಕ ಎಂದು ಆಗಲೇ ಹೇಳಿದ್ದೆ. ಅವಳು ನನ್ನ ಕಡೆ ಬಗ್ಗಿ, ನಿಮ್ಮ ತಂದೆ ಯಾವ ಕೋರ್ಟಲ್ಲಿ ಜಡ್ಜಾಗಿದ್ರು ಎಂದು ಕೇಳಿದಳು. ಇದೇ ಕೋರ್ಟಲ್ಲಿ ಕಣಮ್ಮ, ಆದ್ರೆ ಒಳಗಲ್ಲ, ಬಾಗಿಲಲ್ಲಿ ಅಂದೆ. ಪಾಪ, ಅವಳಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಅಪ್ಪ ಜವಾನ ಅಂತ ಹೇಳಿದ್ದರೆ ನಿನ್ನ ಕುರ್ಚಿಯ ಕಾಲು ಮುರಿಯುತ್ತಿತ್ತೇನೋ? ರಜೆ ಬಂದರೆ ಅಪ್ಪನ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ವಾದ ಕೇಳುತ್ತಿದ್ದವನು ನೀನು. ಕಾನೂನಿನ ರುಚಿ ಹತ್ತಿದ್ದೇ ಅಲ್ಲಿ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ, ನೀನು ಮುಂದೆ ಓದಿದೆ. ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಇಲ್ಲ ಅಂತಲೇ ಇಟ್ಟುಕೋ.

ಸಭೆಯ ಮರುದಿನ ಅಪ್ಪ ಒಗೆದ ಅಂಗಿ ಹಾಕಿಕೊಂಡು ಕೋರ್ಟಿಗೆ ಹೊರಟರು. ಬೇಡಪ್ಪಾ ಅಂದೆ. ಮಗ ಆ ಕುರ್ಚೀಲಿ ಕೂತಿರೋದನ್ನ ಒಂದ್ಸಲ ನೋಡಿ ಬಂದುಬಿಡ್ತೀನಿ ಕಣೇ ಅಂದರು. ಜೊತೆಗೆ ಹೋದೆ. ಕೂರಲು ಬೆಂಚಿತ್ತು, ಕೂರಲಿಲ್ಲ. ಸಾಹೇಬರು ಕೂತಿರುವಾಗ ಕೂತು ಅಭ್ಯಾಸವಿಲ್ಲ ನೋಡು, ಬಾಗಿಲ ಬಳಿಯೇ ನಿಂತರು.

ಈಗಿನ ಜವಾನ ಒಂದು ಹೆಸರು ಕೂಗಿದ. ಅವನ ದನಿ ಮೊದಲ ಬೆಂಚನ್ನೂ ದಾಟುವುದಿಲ್ಲ. ಆ ಹೆಸರಿನ ಮುದುಕಿ ಅಂಗಳದ ಮರದ ಕೆಳಗೆ ಕೂತಿದ್ದಳು. ಮೂರನೇ ಕೂಗಿಗೂ ಬರಲಿಲ್ಲ. ಗೈರುಹಾಜರು ಎಂದು ಬರೆಯಲು ನೀನು ಪೆನ್ನು ಎತ್ತಿದೆ. ಅಪ್ಪನಿಗೆ ತಡೆಯಲಾಗಲಿಲ್ಲ, ಅಂಗಳದ ಕಡೆ ತಿರುಗಿ ಹಳೆಯ ದನಿಯಲ್ಲಿ ಕೂಗಿಯೇ ಬಿಟ್ಟರು. ಆ ದನಿಗೆ ಮರದ ಮೇಲಿನ ಕಾಗೆಗಳೂ ಎದ್ದವು, ಮುದುಕಿಯೂ ಎದ್ದು ಓಡಿ ಬಂದಳು.

ನೀನು ತಲೆ ಎತ್ತಿ ನೋಡಿದೆ. ಗುರುತು ಹಿಡಿದೆ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ, ಇಲ್ಲ ಎನ್ನಬೇಡ. ಆದರೂ ನೀನು ‘ಯಾರದು? ಹೊರಗೆ ಕಳಿಸಿ’ ಎಂದೆ.

ಹೊರಗೆ ಕಳಿಸಿದ್ದಕ್ಕೆ ಅಪ್ಪನಿಗೆ ಬೇಸರವಿಲ್ಲ. ಕೋರ್ಟಲ್ಲಿ ಕೂಗಿದೋರನ್ನ ಹೊರಗೆ ಹಾಕ್ಲೇಬೇಕು, ಮಗ ಸರಿಯಾಗೇ ಮಾಡ್ದ ಎಂದು ದಾರಿಯುದ್ದಕ್ಕೂ ನನಗೇ ಪಾಠ ಹೇಳಿದರು. ‘ಯಾರದು’ ಎಂದದ್ದರ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ಮೊದಲೆಲ್ಲ ಊಟಕ್ಕೆ ನಮ್ಮನ್ನು ಕೋರ್ಟಿನ ಹಾಗೆ ಮೂರು ಸಲ ಹೆಸರು ಕೂಗಿ ಕರೆಯುತ್ತಿದ್ದರಲ್ಲ, ಈಗ ತಟ್ಟೆ ಬಡಿದು ಕರೆಯುತ್ತಾರೆ.

ಎರಡು ಸಲ ಫೋನ್ ಮಾಡಿದೆ. ಸಾಹೇಬರಿಗೆ ಬಿಡುವಿಲ್ಲ ಎಂದು ನಿನ್ನ ಗುಮಾಸ್ತ ಹೇಳಿದ. ಇದು ಮೂರನೇ ಕೂಗು. ಭಾನುವಾರ ಬಾ. ಬಂದು, ಯಾರದು ಅಂತ ಕೇಳಿದೆಯಲ್ಲ, ಉತ್ತರವನ್ನು ನೀನೇ ಹೇಳು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. ಬಾರದಿದ್ದರೆ ಏನು ಬರೆಯುತ್ತಾರೆಂದು ನಿನಗೆ ಗೊತ್ತು. ದೇವರು ನಿನಗೆ ಬುದ್ಧಿ ಕೊಡಲಿ ಎಂದು ಕೇಳಿಕೊಂಡಿದ್ದೇನೆ. ಆಯಸ್ಸು ಕೇಳುವ ಮನಸ್ಸು ಇನ್ನೂ ಬಂದಿಲ್ಲ.

ಇನ್ನೂ ನಿನ್ನ
ಅಕ್ಕ

ಮರೆತಿದ್ದೆ: ಅಪ್ಪ ಕೆಲಸಕ್ಕೆ ಹೋಗುವಾಗ ಎದೆಗೆ ಅಡ್ಡ ಹಾಕಿಕೊಳ್ಳುತ್ತಿದ್ದ ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆಯದು, ನಿನ್ನೆ ನನ್ನ ಕೈಗೆ ಕೊಟ್ಟರು. ಮಗ ಮನೆಗೆ ಬಂದಾಗ ಕಣ್ಣಿಗೆ ಬಿದ್ರೆ ಅವನಿಗೆ ಮುಜುಗರ ಆಗುತ್ತೆ, ಪೆಟ್ಟಿಗೆ ತಳಕ್ಕೆ ಹಾಕು ಅಂದರು. ಹೂಂ ಅಂದೆ. ಬಿಲ್ಲೆಯನ್ನು ಉಜ್ಜಿ ಹೊಳಪು ಬರಿಸಿ, ನೀನು ಒಳಗೆ ಕಾಲಿಟ್ಟರೆ ಎದುರಿಗೇ ಕಾಣುವ ಮೊಳೆಗೆ ನೇತುಹಾಕಿದ್ದೇನೆ.