ಅಡುಗೆಮನೆಗೊಂದು ಸ್ಟೂಲು

ಅಮ್ಮಾ,

ಊಟ ಸರಿಯಾಗಿ ಮಾಡ್ತಿದ್ದೀನಿ. ನಿದ್ದೆ ಕಮ್ಮಿ, ಸುಸ್ತು ಜಾಸ್ತಿ. ಆರ್ಟ್ ಕಾಲೇಜಿನ ಫಸ್ಟ್ ಇಯರ್‌ನಲ್ಲಿ ಎಲ್ಲರಿಗೂ ಹೀಗೇ ಅಂತೆ.

ನಮ್ಮ ಅಡುಗೆಮನೆಯ ಪೇಂಟಿಂಗ್ ಮಾಡಿದ್ದೆನಲ್ಲ, ಅದನ್ನು ನೋಡಿ ಸರ್, "ಪಾತ್ರೆಯೆಲ್ಲ ಫಳಫಳ ಅಂತಿದೆ, ಮನೆಯವರೆಲ್ಲ ಎಲ್ಲಿಗೆ ಹೋದ್ರಮ್ಮ?" ಅಂದರು. ಚಿತ್ರದ ಜೊತೆ ಅಲ್ಲಿನ ಸದ್ದೂ ಇರಬೇಕಂತೆ. ಪ್ರದರ್ಶನದಲ್ಲಿ ನೋಡೋರು ಹೆಡ್‌ಫೋನ್ ಹಾಕಿಕೊಂಡು ಚಿತ್ರದ ಮುಂದೆ ನಿಲ್ಲುತ್ತಾರೆ. ಚಿಕ್ಕಂದಿನಿಂದ ಹಾಸ್ಟೆಲ್‌ನಲ್ಲೇ ಇದ್ದ ನನಗೆ ಆ ಸದ್ದು ನೆನಪಿಗೇ ಬರಲಿಲ್ಲ. ಅದಕ್ಕೇ ಅಕ್ಕನಿಗೆ ಹೇಳಿ ರೆಕಾರ್ಡ್ ಮಾಡಿಸಿದೆ. ನಿನಗೆ ಗೊತ್ತಾದರೆ ನಾಚಿಕೊಳ್ತೀಯ ಅಂತ ಅವಳು ಫೋನನ್ನು ಡಬ್ಬಗಳ ಹಿಂದೆ ಇಟ್ಟು ಹೋಗಿದ್ದಾಳೆ. ಅವಳನ್ನು ಬೈಬೇಡ.

ನಲ್ಲಿ, ಪಾತ್ರೆ, ಕುಕ್ಕರ್ ಎಲ್ಲ ಚೆನ್ನಾಗಿ ಬಂದಿದೆ. ಎಡಿಟ್ ಮಾಡೋಕೆ ಮತ್ತೆ ಮತ್ತೆ ಕೇಳ್ತಿದ್ದೆ. ಕುಕ್ಕರ್ ಕೂಗಿನ ಹಿಂದೆ ನೀನು ಅಪ್ಪನಿಗೆ, "ಸ್ವಲ್ಪ ಹೊತ್ತು ನಿಂತರೂ ಉಸಿರು ಕಟ್ಟುತ್ತೆ ರೀ. ಚಿಕ್ಕವಳಿಗೆ ಪರೀಕ್ಷೆ ಮುಗಿಯೋವರೆಗೂ ಹೇಳಬೇಡಿ, ಮೊದಲೇ ಪುಕ್ಕಲಿ" ಅಂದಿದ್ದೀಯ.

ಆ ಮಾತನ್ನು ಕಟ್ ಮಾಡಿದ್ದೀನಿ, ಯಾರಿಗೂ ಕೇಳಿಸಲ್ಲ. ಅದಕ್ಕೂ ಮುಂಚೆ ನೀನು ಉಸಿರೆಳೆದುಕೊಳ್ಳೋ ಸದ್ದನ್ನು ಮಾತ್ರ ತೆಗೆಯೋಕೆ ಕೈ ಬರಲಿಲ್ಲ. ಅದಿದ್ದರೇ ಆ ಚಿತ್ರದೊಳಗೆ ಯಾರೋ ಇದ್ದಾರೆ ಅನ್ನಿಸುತ್ತೆ.

ಶನಿವಾರ ಪ್ರದರ್ಶನ, ಭಾನುವಾರ ಬರ್ತೀನಿ. ಸೋಮವಾರ ಡಾಕ್ಟರ್ ಹತ್ತಿರ ಒಟ್ಟಿಗೇ ಹೋಗೋಣ. ಪರೀಕ್ಷೆ ಇದೆ ಅಂತ ಶುರು ಮಾಡಬೇಡ, ಓದಿಕೊಂಡೇ ಬರ್ತೀನಿ.

ಅಲ್ಲಿವರೆಗೆ ಒಂದು ಮಾತು ಕೇಳು. ಹಾಲ್‌ನಲ್ಲಿರೋ ಸ್ಟೂಲನ್ನು ಒಲೆ ಪಕ್ಕ ಹಾಕಿಕೊಂಡು ಕೂತೇ ಕೆಲಸ ಮಾಡು. ಚಿತ್ರದಲ್ಲಿ ನಾನಾಗಲೇ ಹಾಕಿಟ್ಟಿದ್ದೀನಿ.

ನಿನ್ನ
ಪುಕ್ಕಲಿ